ಕಿವಿಮೇಸ್ತ್ರಿ ತಟ್ಟಿದ ಕಾರು

ಹಳೆಯ ಕಾರು ಕೊಳ್ಳುವವರು ಮೊದಲು ಏನು ನೋಡುತ್ತಾರೆ? ಬಣ್ಣ ನೋಡುತ್ತಾರೆ, ಸೀಟು ಒತ್ತಿ ನೋಡುತ್ತಾರೆ, ಹಾರನ್ ಹೊಡೆದು ಖುಷಿಪಡುತ್ತಾರೆ. ಇನ್ನೂ ಸ್ವಲ್ಪ ಬುದ್ಧಿವಂತರಾದರೆ ಬಾನೆಟ್ ಎತ್ತಿ, ಒಳಗಿರುವುದು ಏನೆಂದು ಗೊತ್ತಿಲ್ಲದಿದ್ದರೂ ಗಂಭೀರವಾಗಿ ತಲೆಯಾಡಿಸುತ್ತಾರೆ. ಕಾರಿನ ಅಡಿಗೆ ಬಗ್ಗಿ ನೋಡುವವರು ನೂರಕ್ಕೆ ಒಬ್ಬರೂ ಸಿಗುವುದಿಲ್ಲ. ಬಗ್ಗಿದರೆ ಬಟ್ಟೆ ಕೊಳೆಯಾಗುತ್ತದಲ್ಲ. ಆದರೆ ಕಾರು ನಿಂತಿರುವುದೇ ಅಡಿಯಲ್ಲಿರುವ ಆ ಛಾಸಿಯ ಮೇಲೆ. ಎರಡು ಉದ್ದ ಪಟ್ಟಿ, ಅವನ್ನು ಹಿಡಿದಿಡಲು ನಾಲ್ಕಾರು ಅಡ್ಡಪಟ್ಟಿ, ಎಲ್ಲವೂ ಒಳಗೆ ಟೊಳ್ಳು. ನೀರು ಹರಿದುಹೋಗಲೆಂದು ಅವುಗಳಲ್ಲಿ ಸಣ್ಣ ಸಣ್ಣ ತೂತು ಬಿಟ್ಟಿರುತ್ತಾರೆ. ಆ ತೂತಿಗೆ ಕೆಸರು ಮೆತ್ತಿಕೊಂಡರೆ ಮುಗಿಯಿತು. ನೀರು ಒಳಗೇ ನಿಂತು ತುಕ್ಕು ಒಳಗಿಂದಲೇ ತಿನ್ನುತ್ತಾ ಬರುತ್ತದೆ. ಹೊರಗಿನ ಬಣ್ಣ ಮಾತ್ರ ಹಾಗೇ ಇರುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಮಾಡಿದವನು ಖಂಡಿತ ಒಂದು ಹಳೆಯ ಗಾಡಿ ಕೊಂಡು ಕೈಸುಟ್ಟುಕೊಂಡವನೇ ಇರಬೇಕು.

ಆ ಹುಳುಕು ಹಿಡಿಯುವುದರಲ್ಲಿ ಕಿವಿಮೇಸ್ತ್ರಿಯನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ನೆಗ್ಗಿದ ತಗಡು ನೇರ ಮಾಡುವ, ತೂತಾದ ಕಡೆ ತುಂಡು ಬೆಸೆಯುವ ಟಿಂಕರಿಂಗ್ ಕೆಲಸಕ್ಕೆ ಅವನು ಸೇರಿದ್ದು ಹದಿನಾರನೇ ವಯಸ್ಸಿನಲ್ಲಿ. ಈಗ ಅರವತ್ತೊಂದು. ಯಾರಾದರೂ ಹಳೆಯ ಕಾರು ತಂದು ನಿಲ್ಲಿಸಿದರೆ ಶೆಡ್ಡಿನ ಗುಂಡಿಯೊಳಗೆ ಇಳಿದು, ಒಂದು ಪುಟ್ಟ ಸುತ್ತಿಗೆಯಿಂದ ಛಾಸಿಯನ್ನು ಈ ತುದಿಯಿಂದ ಆ ತುದಿಯವರೆಗೆ ತಟ್ಟುತ್ತಾ ಹೋಗುವನು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ತುಕ್ಕು ತಿಂದ ಕಬ್ಬಿಣ ಥಪ್ ಎನ್ನುತ್ತದೆ. ಅವೆರಡರ ನಡುವೆ ಇನ್ನೂ ಹತ್ತು ಬಗೆಯ ಸದ್ದುಗಳಿವೆಯಂತೆ, ಅವು ಬೇರೆಯವರ ಕಿವಿಗೆ ಬೀಳುತ್ತಿರಲಿಲ್ಲ. ಇಲ್ಲಿಂದ ಒಂದು ಗೇಣು ಆಚೆ ಕೊಯ್ದು ನೋಡಿ ಎನ್ನುವನು. ಕೊಯ್ದರೆ ಅಲ್ಲೇ ಕೆಂಪು ಪುಡಿ ಸುರಿಯುತ್ತಿತ್ತು. ಹಾಗೆ ಬಂದದ್ದು ಈ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಏನೆಂದು ಕೇಳಿದರೆ ಅವನ ಹೆಂಡತಿಯೂ ಒಂದು ಕ್ಷಣ ಯೋಚನೆ ಮಾಡಬೇಕಿತ್ತು.

ಇಂಥವನ ಕಿವಿ ಹೋಗಿ ಎರಡು ವರ್ಷವಾಗಿತ್ತು.

ಪೂರ್ತಿ ಕಿವುಡೇನಲ್ಲ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿಕೊಂಡು ಮುಕ್ಕಾಲು ಪಾಲು ತಿಳಿದುಕೊಳ್ಳುತ್ತಿದ್ದ. ಲಾರಿಯ ಸದ್ದು, ಗುಡುಗು, ಪಕ್ಕದ ಶೆಡ್ಡಿನ ಇಂಜಿನ್ ಮೇಸ್ತ್ರಿಯ ಬೈಗುಳ, ಇಂಥ ದಪ್ಪ ಸದ್ದುಗಳೆಲ್ಲ ಕೇಳುತ್ತಿದ್ದವು. ಹೋದದ್ದು ಸಣ್ಣ ಸದ್ದು. ಮೊದಲು ಫೋನಿನ ಗಂಟೆ ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಮೊಮ್ಮಗಳ ಪಿಸುಮಾತು. ಅವುಗಳ ಹಿಂದೆಯೇ ಆ ಠಣ್ಣೂ ಹೋಯಿತು. ನಲವತ್ತೈದು ವರ್ಷ ಕಿವಿಯ ಪಕ್ಕದಲ್ಲೇ ತಗಡು ಬಡಿದವನಿಗೆ ಇನ್ನೇನಾಗಬೇಕು ಹೇಳಿ. ಆದರೆ ಮೇಸ್ತ್ರಿ ಅದನ್ನು ಯಾರಿಗೂ ಹೇಳಲಿಲ್ಲ, ಡಾಕ್ಟರ ಹತ್ತಿರವೂ ಹೋಗಲಿಲ್ಲ. ಹೋದರೆ ತಾನೆ ಕಾಯಿಲೆ ಇದೆ ಎಂದಾಗುವುದು? ಯಾರು ಏನು ಕೇಳಿದರೂ ಹೂಂ ಎನ್ನುವುದು, ತೀರಾ ಸಿಕ್ಕಿಬಿದ್ದರೆ ಶೆಡ್ಡಿನ ಗಲಾಟೆಯ ಮೇಲೆ ಹಾಕುವುದು, ಹೀಗೆ ದಿನ ತಳ್ಳುತ್ತಿದ್ದ. ಹೆಂಡತಿಗೆ ಗೊತ್ತಿತ್ತು. ಅವಳು ಒಂದು ಮಾತೂ ಆಡದೆ ಮನೆಯಲ್ಲಿ ತನ್ನ ದನಿ ಏರಿಸಿಕೊಂಡಳು. ಪಕ್ಕದ ಮನೆಯವರು ಏನಮ್ಮಾ ದಿನಾ ಜಗಳ ಎಂದು ಕೇಳಿದರೆ, ಹೂಂ, ಅವರದ್ದು ಬಲು ಮುಂಗೋಪ ಎಂದು ಗಂಡನ ಮೇಲೆ ಇಲ್ಲದ ದೂರು ಹೇಳಿ ಅವನ ಮಾನ ಕಾಪಾಡಿದಳು.

ತಟ್ಟುವ ಕೆಲಸವನ್ನಾದರೂ ಬಿಡಬಹುದಿತ್ತು. ಬಿಟ್ಟರೆ ಯಾಕೆ ಎಂದು ಕೇಳುತ್ತಾರೆ. ಅದಕ್ಕೆ ಅವನು ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡಿದ್ದ: ಕಿವಿ ಹೋದರೇನು, ಕೈ ಇದೆ. ಗಟ್ಟಿ ಕಬ್ಬಿಣದ ಮೇಲೆ ಸುತ್ತಿಗೆ ಪುಟಿಯುತ್ತದೆ, ಹುಳುಕಿನ ಮೇಲೆ ಪುಟಿಯುವುದಿಲ್ಲ, ಅದು ಕೈಗೆ ತಿಳಿದೇ ತಿಳಿಯುತ್ತದೆ. ಬರೀ ಕಬ್ಬಿಣದ ಮಟ್ಟಿಗೆ ಆ ಮಾತು ನಿಜವೂ ಆಗಿತ್ತು. ಆದರೆ ಹಳೆಯ ಕಾರು ಮಾರುವವರು ಅಡಿಗೆಲ್ಲ ಡಾಂಬರಿನಂಥ ದಪ್ಪ ಕಪ್ಪು ಬಳಿದು ತರುತ್ತಾರೆ. ಆ ಬಳಿತದ ಮೇಲೆ ಸುತ್ತಿಗೆ ಎಲ್ಲ ಕಡೆಯೂ ಒಂದೇ ಥರ ಕುಳಿತೇಳುತ್ತದೆ. ಆಗ ಕೈ ಏನನ್ನೂ ಹೇಳುವುದಿಲ್ಲ.

ಇದೆಲ್ಲ ಹೀಗಿರುವಾಗ ಅವನ ತಂಗಿ ಕಾರು ತಂದಳು.

ತಂಗಿಯೆಂದರೆ ಅವನಿಗೆ ಪ್ರಾಣ. ಏಳು ವರ್ಷ ಚಿಕ್ಕವಳು, ಇವನ ಬೆನ್ನ ಮೇಲೆ ಬೆಳೆದವಳು. ಗಂಡ ಕಾಯಿಲೆಯಲ್ಲಿ ತೀರಿಕೊಂಡಾಗ, ಅವನು ನಡೆಸುತ್ತಿದ್ದ ಡ್ರೈವಿಂಗ್ ಸ್ಕೂಲಿನ ಬೋರ್ಡು ಇಳಿಸಿಬಿಡು ಎಂದು ನೆಂಟರೆಲ್ಲ ಹೇಳಿದರು. ಇಳಿಸಲಿಲ್ಲ. ತಾನೇ ಕಲಿಸಲು ಕೂತಳು. ಊರಿಗೆಲ್ಲ ಈಗ ಅವಳು ಟೀಚರು. ಅರ್ಧ ಊರು ಅವಳ ಕೈಯಲ್ಲೇ ಗೇರು ಹಾಕುವುದು ಕಲಿತಿದೆ, ಇನ್ನರ್ಧ ಅವಳ ಬೈಗುಳ ತಿಂದು ಕಲಿಯದೆ ಓಡಿಹೋಗಿದೆ. ಗಂಡನ ಕಾಲದ ಕಾರು ಸೋತು ಮೂಲೆ ಸೇರಿದಾಗ ಸಮುದ್ರದ ಕಡೆಯ ಊರಿನಿಂದ ಹದಿನೇಳು ವರ್ಷದ ಒಂದು ಕಾರು ಗೊತ್ತುಮಾಡಿ, ಕೊಳ್ಳುವ ಮೊದಲು ಅಣ್ಣನ ಶೆಡ್ಡಿಗೆ ತಂದು ನಿಲ್ಲಿಸಿದಳು. ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಅಡಿಯಲ್ಲಿ ಹೊಸ ಕಪ್ಪು.

ಹೊಸ ಕಪ್ಪು ಕಂಡರೆ ಏನೋ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ, ಅದರಲ್ಲೂ ಉಪ್ಪುಗಾಳಿಯ ಊರಿನ ಕಾರಾದರೆ ಚುಚ್ಚಿಯೇ ನೋಡಬೇಕು. ಇದು ಮೇಸ್ತ್ರಿಯೇ ಎಲ್ಲರಿಗೂ ಹೇಳುತ್ತಿದ್ದ ಪಾಠ. ಅವತ್ತು ಇಂಜಿನ್ ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಸ್ಕ್ರೂಡ್ರೈವರ್ ತಗೊಳ್ಳಪ್ಪ, ನಾಲ್ಕು ಕಡೆ ಚುಚ್ಚಿಬಿಡು ಎಂದು ಅದನ್ನು ಗುಂಡಿಯೊಳಗೆ ದಾಟಿಸಲು ತಂಗಿಯ ಕೈಗಿತ್ತ. ಕಿವಿಮೇಸ್ತ್ರಿಗೆ ಚುಚ್ಚಬೇಕು ಎಂದೇ ಅನ್ನಿಸಿತ್ತು. ಆದರೆ ಕಿವಿಮೇಸ್ತ್ರಿಗೆ ಸ್ಕ್ರೂಡ್ರೈವರ್ ಯಾಕೆ ಬೇಕಾಯಿತು ಎಂದು ಇವನು ನಾಳೆ ಹತ್ತು ಜನರ ಮುಂದೆ ನಕ್ಕರೆ? ಚೆನ್ನಾಗಿದೆ, ನಾನು ತಟ್ಟಿದ ಮೇಲೆ ಚುಚ್ಚಿ ನೋಡೋದೇನಿದೆ ಎಂದುಬಿಟ್ಟ. ತಂಗಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಅಣ್ಣ ಹೇಳಿದ ಮೇಲೆ ಆಯ್ತು ಎಂದು ಸ್ಕ್ರೂಡ್ರೈವರನ್ನು ತಾನೇ ಇಂಜಿನ್ ಮೇಸ್ತ್ರಿಗೆ ವಾಪಸು ಕೊಟ್ಟಳು. ಒಂದು ವಾರದಲ್ಲಿ ಕಾರಿಗೆ ಅವಳ ಬೋರ್ಡು ಬಂತು, ಎಡಗಡೆ ಅವಳ ಕಾಲಡಿಗೆ ಎರಡನೇ ಬ್ರೇಕೂ ಬಂತು.

ಅದಾಗಿ ಒಂದೂವರೆ ತಿಂಗಳಿಗೆ, ಒಂದು ಬೆಳಿಗ್ಗೆ, ಹಲ್ಲಿನ ಡಾಕ್ಟರ ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದರು.

ಡಾಕ್ಟರು ಮೆತ್ತನೆಯ ಮನುಷ್ಯ. ಟೈರು ಪಂಕ್ಚರ್ ಆಗಿ, ಜಾಕ್ ಕೊಟ್ಟು ಎತ್ತಲು ಹೋದರೆ ಕಾರು ಮೇಲೆ ಏಳುವ ಬದಲು ಜಾಕೇ ಕಾರಿನ ಒಳಗೆ ಹೋಯಿತಂತೆ. ಇಂಜಿನ್ ಮೇಸ್ತ್ರಿ ಅಡಿಗೆ ಮಲಗಿ ಕೈ ಹಾಕಿದ. ಒಂದು ಮೊಳದಷ್ಟು ಛಾಸಿ ಪಟ್ಟಿ ಕಪ್ಪು ಬಳಿತದ ಸಮೇತ ಒಣಗಿದ ತೊಗಟೆಯ ಹಾಗೆ ಕಿತ್ತು ಬಂತು. ಬೆರಳಲ್ಲಿ ಹಿಚುಕಿದರೆ ಪುಡಿ. ಆ ಕಾರನ್ನು ಎರಡು ತಿಂಗಳ ಹಿಂದೆ ತಟ್ಟಿ, ಏನೂ ಯೋಚನೆ ಬೇಡ ಡಾಕ್ಟ್ರೇ, ಇನ್ನೂ ಹತ್ತು ವರ್ಷ ಓಡುತ್ತೆ ಎಂದಿದ್ದವನು ಕಿವಿಮೇಸ್ತ್ರಿ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ತಮ್ಮ ಕೆಲಸದಲ್ಲೂ ಹೀಗೇ ಎಂದು ಹೇಳಿ ಇವನನ್ನೇ ಸಮಾಧಾನ ಮಾಡಿದರು. ಹೊರಗೆ ಹಲ್ಲು ಮುತ್ತಿನಂತಿರುತ್ತದೆ, ಒಳಗೆ ಪೂರ್ತಿ ಹುಳುಕು. ತಾವೂ ತಟ್ಟಿ ನೋಡುತ್ತಾರೆ, ಆದರೆ ಅಷ್ಟಕ್ಕೇ ಬಿಡುವುದಿಲ್ಲ, ಕೊಕ್ಕೆ ಹಾಕಿ ಕೆದಕಿಯೂ ನೋಡುತ್ತಾರೆ. ಇಂಜಿನ್ ಮೇಸ್ತ್ರಿ ಗೆಳೆಯನ ಕಡೆ ನಿಂತು, ಎರಡು ತಿಂಗಳಲ್ಲಿ ಹಿಡಿದ ತುಕ್ಕು ಇದು, ಈಗಿನ ಕಬ್ಬಿಣದ ಯೋಗ್ಯತೆಯೇ ಅಷ್ಟು ಎಂದ. ಎರಡು ತಿಂಗಳಲ್ಲಿ ಕಬ್ಬಿಣ ಹೀಗಾಗುವುದಿಲ್ಲ ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

ಡಾಕ್ಟರು ಹೋದ ಮೇಲೆ ಕಿವಿಮೇಸ್ತ್ರಿ ಗುಂಡಿಗೆ ಇಳಿದ. ಗಟ್ಟಿಯಾಗಿ ಉಳಿದಿದ್ದ ಬಲಗಡೆಯ ಪಟ್ಟಿಯನ್ನು ತಟ್ಟಿದ. ಹುಳುಕಾದ ಎಡಗಡೆಯದನ್ನು ತಟ್ಟಿದ. ಮತ್ತೆ ಬಲ, ಮತ್ತೆ ಎಡ. ಎರಡೂ ಒಂದೇ. ದೂರದಲ್ಲಿ ಯಾರೋ ಬಾಗಿಲು ಹಾಕಿದ ಹಾಗೆ, ಅಷ್ಟೇ. ಕಣ್ಣೆದುರಿಗೆ ಹುಳುಕು ಕಾಣುತ್ತಿದೆ, ಕಿವಿಗೆ ಮಾತ್ರ ವ್ಯತ್ಯಾಸವೇ ಇಲ್ಲ. ಈ ಎರಡು ವರ್ಷದಲ್ಲಿ ತಟ್ಟಿದ ಕಾರುಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು, ಎಲ್ಲಕ್ಕಿಂತ ಮುಂದೆ ತಂಗಿಯದು. ಬೇರೆ ಕಾರಿನಲ್ಲಿ ಓಡಿಸುವವನಿಗೆ ಓಡಿಸಲು ಬರುತ್ತದೆ. ಇವಳ ಕಾರಿನಲ್ಲಿ ಓಡಿಸುವವರು ಬ್ರೇಕು ಯಾವುದು, ಕ್ಲಚ್ಚು ಯಾವುದು ಎಂದು ಇನ್ನೂ ಕಲಿಯುತ್ತಿರುವವರು. ದಿನಕ್ಕೆ ನೂರು ಸಲ ಝಾಡಿಸಿ ಬ್ರೇಕು ಒತ್ತುವವರು.

ಫೋನ್ ಮಾಡಿದ. ಪಾಠ ಹೇಳುವಾಗ ಅವಳು ಫೋನ್ ಎತ್ತುವವಳಲ್ಲ. ಎತ್ತಿದ್ದರೂ ಇವನಿಗೆ ಏನು ಕೇಳಿಸುತ್ತಿತ್ತು, ಬಿಡಿ. ಇಂಜಿನ್ ಮೇಸ್ತ್ರಿಯ ಸ್ಕೂಟರಿನ ಕೀಲಿ ಮೊಳೆಯಲ್ಲಿ ನೇತಾಡುತ್ತಿತ್ತು. ಒಂದು ಸ್ಕ್ರೂಡ್ರೈವರನ್ನು ಜೇಬಿಗಿಳಿಸಿ, ಕೀಲಿ ತೆಗೆದುಕೊಂಡು ಹೊರಟ. ಹಿಂದಿನಿಂದ ಇಂಜಿನ್ ಮೇಸ್ತ್ರಿ ಎಲ್ಲಿಗೆ, ಎಲ್ಲಿಗೆ ಎಂದು ಕೂಗಿದ್ದು ಸ್ಕೂಟರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಕಥೆ ಎಂದು ಅವನು ತಮಾಷೆಗೆ ಗೊಣಗಿಕೊಂಡದ್ದಂತೂ ಕೇಳಿಸಲೇ ಇಲ್ಲ.

ಅವಳು ದಿನಾ ಪಾಠ ಹೇಳುವ ನೀರಿನ ಟ್ಯಾಂಕಿನ ಬೀದಿಯಲ್ಲಿ, ದಿಬ್ಬದ ಬುಡಕ್ಕೆ ಕಾರು ಸಿಕ್ಕಿತು. ಶಿಷ್ಯರು ಸೀಟು ಬದಲಾಯಿಸುತ್ತಿದ್ದರು. ಮೂರು ಜನ ಇದ್ದರು: ಐವತ್ತು ದಾಟಿದ ಒಬ್ಬ ಟೈಲರಮ್ಮ, ಅಂಚೆ ಹಂಚುವವನು ಒಬ್ಬ, ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುವ ಹುಡುಗಿ ಒಬ್ಬಳು. ಮಾರನೆಯ ದಿನ ಮೂವರಿಗೂ ಲೈಸೆನ್ಸಿನ ಟೆಸ್ಟು. ಅಣ್ಣನನ್ನು ಕಂಡ ತಂಗಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಏನಣ್ಣ ಈ ಕಡೆ, ನೀನೂ ಕಲೀಬೇಕಾ ಎಂದು ನಕ್ಕಳು.

ಆಗಲೇ ಹೇಳಿಬಿಡಬೇಕಿತ್ತು. ದಾರಿಯುದ್ದಕ್ಕೂ ಹೇಳಬೇಕೆಂದೇ ಬಂದಿದ್ದ. ಆದರೆ ಹಿಂದಿನ ಸೀಟಿನ ಇಬ್ಬರು ಅವನನ್ನು ನೋಡಿ, ಇವರೇ ಕಿವಿಮೇಸ್ತ್ರಿ ಎಂದು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ತುಟಿ ಓದಲು ಕಲಿತವನಿಗೆ ಅದು ತಿಳಿಯದೇ ಇರುತ್ತದೆಯೇ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ಒಂದು ಮಾತು ಬಾಯಿಗೆ ಬಂತು. ಅಡಿಯ ಬಳಿತ ಒಂದು ಕಡೆ ಎದ್ದಿರುವ ಹಾಗಿದೆ, ಕಾರನ್ನು ಇವತ್ತೇ ಶೆಡ್ಡಿಗೆ ಬಿಟ್ಟುಬಿಡು, ಎರಡು ದಿನದಲ್ಲಿ ಕೊಡುತ್ತೇನೆ ಎಂದ. ತಂಗಿ ಒಪ್ಪಲಿಲ್ಲ. ನಾಳೆ ಟೆಸ್ಟು ಇಟ್ಟುಕೊಂಡು ಇವತ್ತು ಕಾರು ಬಿಡುವುದು ಹೇಗೆ, ಟೈಲರಮ್ಮನಿಗೆ ದಿಬ್ಬ ಇನ್ನೂ ಕೈಗೆ ಬಂದಿಲ್ಲ, ಮೇಲೆ ಹತ್ತಿಸಿ ಆಚೆ ಮಾರ್ಕೆಟ್ಟಿನ ಕಡೆ ಇಳಿಸಿ ಎರಡು ಸುತ್ತು ಹಾಕಿಸುತ್ತೇನೆ, ನಾಳಿದ್ದು ತಂದು ಬಿಡುತ್ತೇನೆ ಎಂದಳು. ಬಣ್ಣ ತಾನೆ, ಎಲ್ಲಿಗೆ ಓಡಿಹೋಗುತ್ತದೆ ಎಂದೂ ಸೇರಿಸಿದಳು. ಕಾರು ಹೊರಟಿತು.

ಮೇಸ್ತ್ರಿ ರಸ್ತೆಯ ಪಕ್ಕ ನಿಂತು ಅದರ ಹಿಂಭಾಗವನ್ನು ನೋಡಿದ. ತನ್ನ ಮೇಲೆ ತನಗೇ ಅಸಹ್ಯವಾಯಿತು. ಹೆಸರು ಉಳಿಯಲಿ ಎಂದು ತಂಗಿಯನ್ನೇ ಕಳಿಸಿಕೊಟ್ಟೆನಲ್ಲ ಎನ್ನಿಸಿತು. ಏರುವಾಗ ಏನೂ ಆಗಲಿಕ್ಕಿಲ್ಲ, ನಿಧಾನವಾಗಿ ಏರುತ್ತದೆ. ಆದರೆ ಮಾರ್ಕೆಟ್ಟಿನ ಕಡೆಯ ಇಳಿಜಾರು ಕಡಿದು. ಅಲ್ಲಿ ಟೈಲರಮ್ಮ ಬ್ರೇಕು ಒತ್ತಿದಾಗ ಇಡೀ ಕಾರಿನ ಭಾರ ಮುಂದಿನ ಚಕ್ರಗಳನ್ನು ಹಿಡಿದಿರುವ ಪಟ್ಟಿಯ ಮೇಲೆ ಬೀಳುತ್ತದೆ. ಕೆಳಗಡೆ ಜನ.

ರಸ್ತೆ ದಿಬ್ಬವನ್ನು ಸುತ್ತಿ ಹೋಗುತ್ತದೆ, ಮೆಟ್ಟಿಲು ನೇರ ಮೇಲಕ್ಕೆ ಹೋಗುತ್ತವೆ. ಸ್ಕೂಟರನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದ. ಅರವತ್ತೊಂದರ ಮೊಣಕಾಲು, ಗುಂಡಿಯಲ್ಲಿ ಬಗ್ಗಿ ಬಗ್ಗಿ ಸವೆದದ್ದು. ಎರಡು ಕಡೆ ಕಂಬಿ ಹಿಡಿದು ನಿಂತ, ಒಂದು ಕಡೆ ಕೈಯೂರಿಯೇ ಹತ್ತಿದ. ಜೀವ ಬಾಯಿಗೆ ಬಂದಿತ್ತು. ಮೇಲೆ ತಲುಪಿ ರಸ್ತೆಗೆ ಬಂದಾಗ ಕಾರು ಕೊನೆಯ ತಿರುವು ದಾಟಿ ಆಗಷ್ಟೇ ಕಾಣಿಸಿಕೊಂಡಿತ್ತು. ನಡುರಸ್ತೆಗೆ ಹೋಗಿ ಎರಡೂ ಕೈ ಅಗಲಿಸಿ ನಿಂತುಬಿಟ್ಟ.

ಟೈಲರಮ್ಮ ಹೊಲಿಗೆ ಮೆಷಿನ್ನಿನ ಪೆಡಲು ತುಳಿದ ಹಾಗೆ ಎರಡು ಕಾಲನ್ನೂ ಬ್ರೇಕಿನ ಮೇಲೆ ಹಾಕಿದಳು. ಪಕ್ಕದಲ್ಲಿ ತಂಗಿಯೂ ಒತ್ತಿದಳು. ಕಾರು ಅವನಿಂದ ಎರಡು ಮಾರು ದೂರದಲ್ಲಿ ನಿಂತಿತು. ನಿಂತದ್ದು ನೇರವಾಗಿ ಅಲ್ಲ. ಎಡಗಡೆಯ ಮುಂದಿನ ಚಕ್ರ ಒಳಕ್ಕೆ ವಾಲಿ, ಮೂಗು ಆ ಕಡೆಗೆ ಕುಸಿದಿತ್ತು. ನಾಲ್ಕು ಬಾಗಿಲೂ ಒಟ್ಟಿಗೆ ತೆರೆದವು. ಎಲ್ಲರ ಮುಖ ಬಿಳುಚಿತ್ತು. ಎಲ್ಲರೂ ಒಂದು ಸಲ ಕಾರಿನ ಅಡಿಗೆ, ಒಂದು ಸಲ ಅವನ ಕಡೆಗೆ ನೋಡುತ್ತಿದ್ದರು.

ತಂಗಿ ಅವನ ಎದುರಿಗೆ ಬಂದು ನಿಂತಳು. "ಅದೇನು ಸದ್ದು? ಏನೋ ಮುರಿದ ಹಾಗಾಯ್ತಲ್ಲ. ಕೇಳಿಸ್ತಾ ನಿನಗೆ?"

ಹೂಂ ಎನ್ನಲು ಬಾಯಿ ತೆರೆದೇ ಇತ್ತು. ಎರಡು ವರ್ಷದ ಅಭ್ಯಾಸ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

"ಇಲ್ಲ," ಎಂದ. "ನನಗೆ ಕೇಳಿಸಲ್ಲ. ಎರಡು ವರ್ಷ ಆಯ್ತು. ನಿನ್ನ ಕಾರು ತಟ್ಟಿದಾಗಲೂ ಕೇಳಿಸಿರಲಿಲ್ಲ. ಚೆನ್ನಾಗಿದೆ ಅಂತ ಸುಳ್ಳು ಹೇಳಿದೆ."

ಶಿಷ್ಯರು ಮೂವರೂ ಅಲ್ಲೇ ಇದ್ದರು. ತನ್ನ ದನಿ ಎಷ್ಟು ಜೋರಾಗಿದೆ ಎಂಬ ಅಂದಾಜೂ ಅವನಿಗಿರಲಿಲ್ಲ. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕೆಲಸ ನಿಲ್ಲಿಸಿ ಬಗ್ಗಿ ನೋಡಿದಳು ಎಂದರೆ ನೀವೇ ಅರ್ಥ ಮಾಡಿಕೊಳ್ಳಿ. ಒಂದು ಸಲ ಹೇಳಿದ ಮೇಲೆ ಎದೆ ಹಗುರವಾಗುತ್ತದೆ ಎನ್ನುತ್ತಾರಲ್ಲ, ಅಂಥದ್ದೇನೂ ಆಗಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಬೆಂಕಿಯಾಯಿತು.

ತಂಗಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲಕ್ಕೆ ಮೊಣಕಾಲೂರಿದಳು. ಅವನೂ ಪಕ್ಕದಲ್ಲಿ ಬಗ್ಗಿದ. ಚಕ್ರವನ್ನು ಹಿಡಿದಿರುವ ತೋಳು ಬೋಲ್ಟಿನ ಸಮೇತ ಪಟ್ಟಿಯಿಂದ ಅರ್ಧ ಕಿತ್ತು ಬಂದಿತ್ತು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ನೋಡಲು ಗಟ್ಟಿಯಾಗಿಯೇ ಕಾಣುತ್ತಿದ್ದ, ಕಪ್ಪಗೆ ಹೊಳೆಯುತ್ತಿದ್ದ ಪಕ್ಕದ ಜಾಗಕ್ಕೆ ಒತ್ತಿದ. ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ಕೆಂಪು ಪುಡಿ ತಂಗಿಯ ಕೈಮೇಲೆ ಸುರಿಯಿತು. ಅವಳು ಅದನ್ನು ಕೊಡವಿಕೊಳ್ಳಲಿಲ್ಲ. ಇಳಿಜಾರಿನ ಕಡೆ ಒಮ್ಮೆ ನೋಡಿದಳು. ಅಲ್ಲಿಂದ ಇಪ್ಪತ್ತು ಹೆಜ್ಜೆ ಮುಂದಕ್ಕೆ ರಸ್ತೆ ಕೆಳಕ್ಕೆ ಇಳಿಯುತ್ತಿತ್ತು, ಬುಡದಲ್ಲಿ ತರಕಾರಿ ಗಾಡಿಗಳ ಸಾಲು.

ಆಮೇಲೆ ಅಲ್ಲೇ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟಳು. ಮೇಸ್ತ್ರಿ ಪಕ್ಕದಲ್ಲಿ ಕೂತ. ಬೈಯುತ್ತಾಳೆ, ಬೈಯಲಿ ಎಂದು ಕಾದ. ಅವಳು ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು, ತುಟಿ ಕಾಣಲಿ ಎಂದು.

"ನನಗೆ ಗೊತ್ತಿತ್ತು ಅಣ್ಣ."

ತಪ್ಪು ಓದಿದೆನೇನೋ ಎಂದು ಅವನು ಹುಬ್ಬು ಗಂಟಿಕ್ಕಿದ. ಅವಳು ಬಿಡಿಸಿ ಹೇಳಿದಳು. ಹೋದ ವರ್ಷ ಮೆಟ್ಟಿಲ ಮೇಲೆ ಜಾರಿ ಬಿದ್ದು ಕೈ ಮುರಿದಾಗ ಆಸ್ಪತ್ರೆಯಿಂದ ಅವನಿಗೆ ಫೋನ್ ಮಾಡಿದ್ದಳು. ಬಿದ್ದೆ, ಕೈ ಮುರೀತು ಎಂದರೆ ಇವನು ಆ ಕಡೆಯಿಂದ, ಸಂತೋಷ ಸಂತೋಷ, ಹೀಗೇ ನಡೀಲಿ, ಒಳ್ಳೇದಾಗ್ಲಿ ಎಂದು ಆಶೀರ್ವಾದ ಮಾಡಿ ಫೋನ್ ಇಟ್ಟಿದ್ದ. ಪ್ಲಾಸ್ಟರ್ ಹಾಕುತ್ತಿದ್ದ ನರ್ಸು, ಯಾರಮ್ಮ ಅದು ಎಂದು ಕೇಳಿದ್ದಳಂತೆ. ಬೇರೆಯವರಿಂದ ಸುದ್ದಿ ತಿಳಿದು ಸಂಜೆ ಅತ್ತಿಗೆ ಒಬ್ಬಳೇ ಓಡಿಬಂದಳು. ಬಂದವಳು ತಂಗಿಯ ಮುರಿದ ಕೈ ನೋಡುವ ಮೊದಲೇ ಅತ್ತಳು. ನಮಗೆ ಗೊತ್ತಿರುವುದು ಅವನಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳೋಣ ಎಂದು ಅವತ್ತೇ ಇಬ್ಬರೂ ಮಾತಾಡಿಕೊಂಡರು.

ಮೇಸ್ತ್ರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ಕಾರನ್ನ ನನ್ನ ಹತ್ರ ತಂದೆಯಾ?"

"ಬೇರೆಯವರ ಹತ್ರ ತಗೊಂಡು ಹೋಗಿದ್ರೆ ಯಾಕೆ ಅಂತ ನೀನು ಕೇಳ್ತಿದ್ದೆ. ಆಗ ಏನಂತ ಹೇಳ್ಲಿ? ಇಡೀ ಊರು ನಿನ್ನ ಹತ್ರ ಬರುತ್ತೆ. ಒಡಹುಟ್ಟಿದವಳೇ ಬರಲಿಲ್ಲ ಅಂದ್ರೆ ನಿನಗೆ ಹೇಗಾಗ್ತಿತ್ತು?" ಅವಳ ಕಣ್ಣು ತುಂಬಿಕೊಂಡವು. "ಅವತ್ತು ಸ್ಕ್ರೂಡ್ರೈವರ್ ಕೈಲೇ ಇತ್ತು ಅಣ್ಣ. ಚುಚ್ಚು ಅಂತ ಒಂದು ಮಾತು ಅನ್ನೋಕೆ ನನಗೆ ಆಗ್ಲಿಲ್ಲ. ನಿನ್ನ ಮುಖ ನೋಡಿದೆ, ವಾಪಸ್ ಕೊಟ್ಟೆ."

ತನ್ನ ಮಾನ ಉಳಿಸಿಕೊಳ್ಳಲು ಅವನೊಂದು ಸುಳ್ಳು ಹೇಳಿದ. ಅವನ ಮಾನ ಉಳಿಸಲು ಮನೆಮಂದಿಯೆಲ್ಲ ಸೇರಿ ಆ ಸುಳ್ಳಿನ ಮೇಲೆ ಕೂತು ಗಾಡಿ ಓಡಿಸಿದರು. ಪ್ರೀತಿಯೇನೋ ಸರಿ, ಇಲ್ಲ ಅನ್ನುವವರು ಯಾರು? ಆದರೆ ಹಿಂದಿನ ಸೀಟಿನಲ್ಲಿ ಕೂತ ಅಂಚೆಯವನಿಗೂ ಆ ಹುಡುಗಿಗೂ ಈ ಪ್ರೀತಿಗೂ ಏನು ಸಂಬಂಧ ಹೇಳಿ. ತಂಗಿಯ ತಲೆಯಲ್ಲೂ ಅದೇ ಓಡುತ್ತಿತ್ತು ಎಂದು ಕಾಣುತ್ತದೆ. ಕಣ್ಣೊರೆಸಿಕೊಂಡು ಎದ್ದು ಶಿಷ್ಯರ ಹತ್ತಿರ ಹೋದಳು. ತಪ್ಪು ಅಣ್ಣನದಷ್ಟೇ ಅಲ್ಲ, ತನ್ನದೂ ಇದೆ ಎಂದು ನೇರವಾಗಿ ಹೇಳಿದಳು, ಕೈಮುಗಿದಳು. ನಾಳೆಯ ಟೆಸ್ಟು ಇಲ್ಲ ಎಂದಳು. ಅಂಚೆಯವನು ಮುಖ ಗಂಟಿಕ್ಕಿಕೊಂಡು ಮೆಟ್ಟಿಲಿಳಿದು ಹೋದ. ಹುಡುಗಿ ಅಲ್ಲೇ ಕೂತು ಮನೆಗೆ ಫೋನ್ ಮಾಡಿದಳು. ಟೈಲರಮ್ಮ ಮಾತ್ರ, ಮುಂದಿನ ತಿಂಗಳು ಕೊಟ್ರಾಯ್ತು ಬಿಡಿ ಟೀಚರ್, ಬದುಕಿದ್ರೆ ತಾನೆ ಲೈಸೆನ್ಸು ಎಂದಳು. ಆಮೇಲೆ ತಡೆಯಲಾರದೆ, ಬ್ರೇಕು ಸರಿಯಾದ ಹೊತ್ತಿಗೇ ಹಾಕಿದೆ ತಾನೆ ಎಂದೂ ಕೇಳಿದಳು. ಎರಡು ಕಾಲಲ್ಲಿ ಒತ್ತಬಾರದು ಅಂತ ಎಷ್ಟು ಸಲ ಹೇಳಿದೀನಿ ಎಂದು ತಂಗಿ ಅಳುವಿನ ನಡುವೆಯೇ ಬೈದಳು.

ಮೇಸ್ತ್ರಿ ಕಲ್ಲಿನ ಮೇಲೆ ಕೂತಲ್ಲೇ ಬೆರಳು ಮಡಿಸುತ್ತಿದ್ದ. ತಂಗಿ ಹತ್ತಿರ ಬಂದು, ಏನು ಎಂಬಂತೆ ಕೈಯಾಡಿಸಿದಳು.

"ಇನ್ನೂ ಇಪ್ಪತ್ತೆರಡು ಇವೆ," ಎಂದ. "ಎರಡು ವರ್ಷದಲ್ಲಿ ತಟ್ಟಿದ್ದು. ಎಲ್ಲಾನೂ ಚೆನ್ನಾಗಿದೆ ಅಂತ ಹೇಳಿದೀನಿ."

ಕಾರು ಮರೆಯುವವನಲ್ಲ ಅವನು. ಮನುಷ್ಯರನ್ನು ಮರೆತಾನು, ಕಾರನ್ನಲ್ಲ. ಒಂದೊಂದಾಗಿ ಹೇಳುತ್ತಾ ಹೋದ, ತಂಗಿ ಪಾಠದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋದಳು. ಸಂಗೀತದ ಮೇಡಮ್ಮಿನ ಬಿಳಿ ಕಾರು. ಔಷಧಿ ಅಂಗಡಿಯವನ ಮಗಳದ್ದು. ಮೂರು ಮಕ್ಕಳ ತಂದೆಯ ಹಸಿರು ವ್ಯಾನು, ಹೆಸರು ಗೊತ್ತಿಲ್ಲ, ಮನೆ ಗೊತ್ತು. ಎಲ್ಲವೂ ಹುಳುಕಾಗಿರಲಿಕ್ಕಿಲ್ಲ, ಅರ್ಧಕ್ಕರ್ಧ ಗಟ್ಟಿಯೇ ಇರಬಹುದು. ಯಾವುದು ಗಟ್ಟಿ ಎಂದು ಹೇಳಲು ಅವನಿಗೆ ಬರುವುದಿಲ್ಲ, ಅದೇ ಈಗಿನ ಸಂಗತಿ. ಇಪ್ಪತ್ತೆರಡಕ್ಕೂ ಹೋಗಿ, ಚುಚ್ಚಿಸಿ ನೋಡಿ, ನಾನು ಹೇಳಿದ್ದನ್ನು ನಂಬಬೇಡಿ ಎನ್ನಬೇಕು.

ಫೋನ್ ಮಾಡಿ ನಾನೇ ಹೇಳುತ್ತೇನೆ, ನೀನು ಮನೆಗೆ ಹೋಗು ಎಂದಳು ತಂಗಿ. ಅವನು ತಲೆ ಅಲ್ಲಾಡಿಸಿದ. ಸಾಕು, ಇನ್ನು ಮುಚ್ಚಿಡಬೇಡ ಎಂದ. ಸರಿ, ನಾನೂ ಬರ್ತೀನಿ ಎಂದಳು ಅವಳು. ಕಾರನ್ನು ಅಲ್ಲೇ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಅಣ್ಣತಂಗಿ ಇಬ್ಬರೂ ನಡೆದೇ ಹೊರಟರು.

ಹಸಿರು ವ್ಯಾನಿನ ಮನೆಯೇ ಎಲ್ಲಕ್ಕಿಂತ ಹತ್ತಿರವಿತ್ತು, ಎರಡು ಬೀದಿ ಆಚೆ. ವ್ಯಾನು ಮನೆಯ ಮುಂದೆಯೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ಮಗುವಿನ ಒಂದು ಕಾಲುಚೀಲ ಬಿದ್ದಿತ್ತು. ಬಾಗಿಲಿನ ಮುಂದೆ ತಂಗಿ ಒಂದು ಹೆಜ್ಜೆ ಹಿಂದೆ ನಿಂತಳು. ಮೇಸ್ತ್ರಿ ಮುಖ ಒರೆಸಿಕೊಂಡು ಗಂಟೆಯ ಗುಂಡಿ ಒತ್ತಿದ. ಒಳಗೆ ಸದ್ದಾಯಿತೋ ಇಲ್ಲವೋ ತಿಳಿಯಲಿಲ್ಲ. ತಿರುಗಿ ತಂಗಿಯನ್ನು, ಹೊಡೀತಾ ಎಂದು ಕೇಳಿದ.

ಹೊಡೀತು, ಯಾರೋ ಬರ್ತಿದಾರೆ ಎಂದಳು ಅವಳು, ಅವನಿಗೆ ಕಾಣುವಂತೆ ತುಟಿ ಬಿಡಿಸಿ. ಅವನು ಬಾಗಿಲ ಕಡೆ ತಿರುಗಿ ನಿಂತ.